ಗೆಳೆತನದಿಂದ ಶುರುವಾಗುವ ಪ್ರೀತಿ

ಹಳೇ ಕಾಲದ ಪುಟ್ಟ ಪ್ರೇಮಕತೆಗಳಲ್ಲಿ ನನಗೆ ಜಾಸ್ತಿ ಹಿಡಿಸುವುದು ಗೆಳೆಯರೇ ಪ್ರೇಮಿಗಳಾಗುವಂಥವು. ಅದರಲ್ಲೂ ಇಂಗ್ಲೆಂಡಿನ ರೀಜೆನ್ಸಿ ಕಾಲದಲ್ಲಿ, ಅಂದರೆ ರಾಜನ ಬದಲು ಅವನ ಮಗ ಆಳುತ್ತಿದ್ದ 1811ರಿಂದ 1820ರವರೆಗಿನ ವರ್ಷಗಳಲ್ಲಿ ನಡೆಯುವಂಥವು. ಆಗಿನ ದೊಡ್ಡ ಮನೆತನಗಳಲ್ಲಿ ಮದುವೆ ಗೊತ್ತಾಗದ ಹುಡುಗ ಹುಡುಗಿ ಪತ್ರ ಬರೆದುಕೊಳ್ಳುವಂತಿರಲಿಲ್ಲ. ಒಂದೇ ಸಂಜೆ ಒಬ್ಬನ ಜೊತೆಗೇ ಎರಡು ಸಲಕ್ಕಿಂತ ಜಾಸ್ತಿ ಕುಣಿದರೆ ಊರೆಲ್ಲ ಗುಸುಗುಸು. ಇಷ್ಟು ಕಟ್ಟುಪಾಡಿನ ನಡುವೆ ಹುಡುಗಿ ಮನಸ್ಸು ಬಿಚ್ಚಿ ಮಾತಾಡುವುದು ಯಾರ ಹತ್ತಿರ? ಪಕ್ಕದ ಮನೆತನದ ಹುಡುಗ, ಇಲ್ಲವೇ ಅಣ್ಣನ ಗೆಳೆಯ. ಅಷ್ಟೇ ಅಲ್ವಾ!

ಚಿಕ್ಕ ಕತೆಗೆ ಇದು ದೊಡ್ಡ ಅನುಕೂಲ. ಪರಿಚಯಕ್ಕೆ ಪುಟ ಖರ್ಚಾಗುವುದಿಲ್ಲ. ಶುರುವಿನಲ್ಲೇ ಅವನಿಗೆ ಅವಳ ಸಿಟ್ಟು ಗೊತ್ತು, ಅವಳಿಗೆ ಅವನ ಸಾಲ ಗೊತ್ತು. ಉಳಿದದ್ದೆಲ್ಲ ಆ ಒಂದು ತಿರುವಿಗೇ. ಚಿಕ್ಕಂದಿನಲ್ಲಿ ಮರ ಹತ್ತಿಸಿದ ಅದೇ ಕೈ ಈಗ ಬಿಳಿ ಕೈಗವಸು ತೊಟ್ಟು ನೃತ್ಯಕ್ಕೆ ಕರೆಯುತ್ತದೆ. ಅವಳಿಗೆ ಗೊತ್ತಿರುವ ಹೆಜ್ಜೆಯೇ ತಪ್ಪುತ್ತದೆ.

ನೋಡಿದ ಕೂಡಲೇ ಹುಟ್ಟುವ ಪ್ರೀತಿಯನ್ನು ಅಷ್ಟು ಕಡಿಮೆ ಪುಟಗಳಲ್ಲಿ ನಂಬುವುದು ನನಗೆ ಕಷ್ಟ. ಇದನ್ನು ನಂಬುತ್ತೇನೆ. ಹೇಳಿಬಿಟ್ಟರೆ ಇರುವ ಸ್ನೇಹವೂ ಹೋದೀತು ಅನ್ನೋ ಭಯ ಇಬ್ಬರಿಗೂ ಇರುತ್ತದಲ್ಲ, ಅದನ್ನು ಚೆನ್ನಾಗಿ ಬರೆದಿದ್ದರೆ ಸಾಕು, ಒಂದೇ ಉಸಿರಿಗೆ ಓದಿ ಮುಗಿಸುತ್ತೇನೆ.