ರಯೊಲೈಟ್‌ಗೆ ಹೋಗುವವರಿಗೆ: ಪಾಳು ಗೋಡೆಗಿಂತ ಮೊದಲು ಬೆಟ್ಟ ನೋಡಿ

ಲಾಸ್ ವೇಗಸ್‌ಗೆ ಬಂದ ಹಲವರು ಡೆತ್ ವ್ಯಾಲಿ ಮರುಭೂಮಿಗೂ ಹೋಗುತ್ತಾರೆ. ನೀವೂ ಹೋಗುವುದಾದರೆ 95ನೇ ಹೆದ್ದಾರಿ ಹಿಡಿದು ಬೀಟಿ ಊರಿನ ಮೇಲೆ ಹೋಗಿ. ಎರಡು ಗಂಟೆ ದಾರಿ. ಬೀಟಿಯಿಂದ ಸುಮಾರು 6 ಕಿ.ಮೀ. ಪಶ್ಚಿಮಕ್ಕೆ ರಯೊಲೈಟ್ ಇದೆ, ಚಿನ್ನಕ್ಕಾಗಿ ಹುಟ್ಟಿ ಪಾಳು ಬಿದ್ದ ಊರು. ಪ್ರವೇಶಕ್ಕೆ ದುಡ್ಡಿಲ್ಲ.

ಬಹಳ ಜನ ಬ್ಯಾಂಕಿನ ಮುರಿದ ಗೋಡೆ ಮುಂದೆ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಅರ್ಧ ದಿನ ಇಟ್ಟುಕೊಳ್ಳಿ. ಗಾಡಿಯಿಂದ ಇಳಿದ ತಕ್ಷಣ ಸುತ್ತಲಿನ ಬೆಟ್ಟ ನೋಡಿ. ಕಂದು, ಗುಲಾಬಿ, ಹಳದಿ ಪಟ್ಟೆಗಳು ಒಂದೇ ಕಡೆಗೆ ವಾಲಿಕೊಂಡಿವೆ. ಇವು ಜ್ವಾಲಾಮುಖಿಯ ಬಿಸಿ ಬೂದಿ ಬಿದ್ದು ಗಟ್ಟಿಯಾದ ಪದರಗಳು. ಆಮೇಲೆ ನೆಲ ಎರಡೂ ಕಡೆ ಎಳೆದಂತಾಗಿ ಬಿರುಕು ಬಿಟ್ಟು, ಪದರಗಳು ಓರೆಯಾದವು. ಸುಮಾರು 1 ಕೋಟಿ ವರ್ಷದ ಹಿಂದೆ ಆ ಬಿರುಕುಗಳಲ್ಲಿ ಕುದಿನೀರು ಮೇಲೆ ಬಂತು. ಬರುವಾಗ ಕರಗಿಸಿಕೊಂಡು ತಂದ ಚಿನ್ನವನ್ನು ಬಿಳಿ ಸ್ಫಟಿಕ ಶಿಲೆಯ ಜೊತೆ ಅಲ್ಲೇ ಬಿಟ್ಟಿತು.

ನಮ್ಮ ಜೊತೆ ಬಂದಿದ್ದ ಅಪ್ಪ ಕೆಜಿಎಫ್‌ನ ಸೈನೈಡ್ ಗುಡ್ಡಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿಗಳನ್ನು, ಕಂಡವರು. "ಅಲ್ಲಿ ನೂರು ವರ್ಷದ ಮೇಲೆ ತೆಗೆದ್ರು. ಇಲ್ಲಿ ಇಷ್ಟು ಬೇಗ ಯಾಕೋ ನಿಂತುಹೋಯ್ತು?" ಅಂದರು. ಉತ್ತರ ಕಲ್ಲಲ್ಲೇ ಇದೆ. ಕೋಲಾರದ್ದು 250 ಕೋಟಿ ವರ್ಷಕ್ಕೂ ಹಳೆಯ ಶಿಲೆ. ಅಲ್ಲಿ ಚಿನ್ನದ ಪಟ್ಟಿ ಆಳಕ್ಕೆ ಇಳಿಯುತ್ತಲೇ ಹೋಗಿತ್ತು, ಅದರ ಹಿಂದೆಯೇ ಗಣಿ 3 ಕಿ.ಮೀ. ದಾಟಿತು. ಇಲ್ಲಿನ ಚಿನ್ನ ನೆಲಮಟ್ಟದ ಹತ್ತಿರವೇ ಕೂತದ್ದು. ಒಳ್ಳೆ ಅದಿರೆಲ್ಲ ಮೇಲ್ಗಡೆ. ಅದು ಮುಗಿದ ಮೇಲೆ ಉಳಿದದ್ದು ಬಂಡೆಯಲ್ಲಿ ಅಲ್ಲಲ್ಲಿ ಚದುರಿದ ಕಣ.

1904ರ ಆಗಸ್ಟ್‌ನಲ್ಲಿ ಶಾರ್ಟಿ ಹ್ಯಾರಿಸ್, ಎಡ್ ಕ್ರಾಸ್ ಎಂಬ ಇಬ್ಬರು ಇಲ್ಲಿ ಹಸಿರು ಕಲ್ಲಿನ ಮೇಲೆ ಹಳದಿ ಚುಕ್ಕೆ ಕಂಡರು. ಕಪ್ಪೆ ಬೆನ್ನಿನ ಹಾಗೆ ಇತ್ತಂತೆ. ಅದಕ್ಕೇ ಇದು ಬುಲ್‌ಫ್ರಾಗ್ ಗಣಿ ಪ್ರದೇಶ. ಮರುವರ್ಷವೇ ಊರು ಎದ್ದಿತು. ಉಕ್ಕಿನ ದೊಡ್ಡ ಉದ್ಯಮಿ ಚಾರ್ಲ್ಸ್ ಶ್ವಾಬ್ 1906ರಲ್ಲಿ ಮಾಂಟ್‌ಗೊಮೆರಿ ಶೋಶೋನಿ ಗಣಿ ಕೊಂಡ. ಮೂರು ರೈಲು ಮಾರ್ಗ, ಕರೆಂಟು, ಪೈಪಿನಲ್ಲಿ ನೀರು, ಎಲ್ಲ ಬಂತು. ಆದರೆ 1907ರಲ್ಲಿ ಅಮೆರಿಕದ ಬ್ಯಾಂಕುಗಳು ತತ್ತರಿಸಿದವು, ಬಂಡವಾಳ ಬತ್ತಿತು. 1908ರಲ್ಲಿ ಹೂಡಿಕೆದಾರರು ಹೊರಗಿನವರಿಂದ ಗಣಿ ಪರೀಕ್ಷೆ ಮಾಡಿಸಿದರು. ವರದಿ ಚೆನ್ನಾಗಿರಲಿಲ್ಲ, ಷೇರು ಬಿತ್ತು. 1911ಕ್ಕೆ ಗಣಿ ಮುಚ್ಚಿತು. 1916ರಲ್ಲಿ ಕರೆಂಟೂ ಹೋಯಿತು. ಈಗ ಮೂರಂತಸ್ತಿನ ಕುಕ್ ಬ್ಯಾಂಕಿನ ಮುಂದೆ ನಿಂತರೆ ಹೊಟ್ಟೆ ಚುರ್ ಅನ್ನುತ್ತದೆ. 90,000 ಡಾಲರ್ ಸುರಿದು, ಇಟಲಿಯ ಅಮೃತಶಿಲೆ ಹಾಸಿ, 1908ರಲ್ಲಿ ಮುಗಿಸಿದ ಕಟ್ಟಡ ಅದು.

ನನಗೆ ತುಂಬಾ ಹಿಡಿಸಿದ್ದು ಬಾಟಲಿ ಮನೆ. ಈ ಕಡೆ ಮರ ಸಿಗುವುದಿಲ್ಲ. ಹಾಗಾಗಿ 1906ರಲ್ಲಿ ಟಾಮ್ ಕೆಲ್ಲಿ ಸುಮಾರು 50,000 ಖಾಲಿ ಬಾಟಲಿಗಳನ್ನು, ಹೆಚ್ಚಿನವು ಬಿಯರಿನವು, ಮಣ್ಣಿನಲ್ಲಿ ಅಡ್ಡಡ್ಡ ಜೋಡಿಸಿ ಗೋಡೆ ಎಬ್ಬಿಸಿದ. ಬಾಟಲಿಯ ತಳ ಹೊರಗೆ, ಕತ್ತು ಒಳಗೆ. ಹತ್ತಿರ ಹೋಗಿ ನೋಡಿ, ಸಾಲು ಸಾಲು ಗಾಜಿನ ಬಿಲ್ಲೆಗಳು, ಅವುಗಳ ಸುತ್ತ ಬಿರುಕು ಬಿಟ್ಟ ಮಣ್ಣು.

ಊರಿನ ಪಕ್ಕದಲ್ಲೇ ದೊಡ್ಡ ತೆರೆದ ಗಣಿಯ ಗುಂಡಿ, ಮಣ್ಣಿನ ದಿಬ್ಬ ಕಾಣುತ್ತವೆ. ಅದು ಹಳೇ ಕಾಲದ್ದಲ್ಲ. 1989ರಿಂದ ಸುಮಾರು ಹತ್ತು ವರ್ಷ ಯಂತ್ರ, ಚಿನ್ನ ಕರಗಿಸುವ ಸೈನೈಡ್ ಬಳಸಿ ಆ ಚದುರಿದ ಕಣಗಳನ್ನೇ ತೆಗೆದರು. ಹಳಬರ ಇಡೀ ಉತ್ಪಾದನೆಗಿಂತ ಎಷ್ಟೋ ಪಟ್ಟು ಜಾಸ್ತಿ ಚಿನ್ನ, 20 ಲಕ್ಷ ಔನ್ಸಿಗೂ ಮೇಲೆ, ಸಿಕ್ಕಿತು. ಚಿನ್ನ ಇರಲಿಲ್ಲ ಅಂತಲ್ಲ, ಆಗ ಅದನ್ನು ಲಾಭಕ್ಕೆ ತೆಗೆಯುವ ದಾರಿ ಇರಲಿಲ್ಲ. ಇದು ತಿಳಿದು ನೋಡಿದರೆ ಪಾಳು ಊರು ಬೇರೆಯೇ ಕಾಣುತ್ತದೆ ಅಲ್ವಾ?

ನವೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ. ಬೇಸಿಗೆಯಲ್ಲಿ ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆತರಲೇಬೇಡಿ. ರಯೊಲೈಟ್‌ನಲ್ಲಿ ಅಂಗಡಿ, ನೀರು, ನೆರಳು ಏನೂ ಇಲ್ಲ. ಪೆಟ್ರೋಲ್, ನೀರು, ಊಟ ಎಲ್ಲ ಬೀಟಿಯಲ್ಲೇ ಮುಗಿಸಿಕೊಳ್ಳಿ. ಫೋನ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಗಟ್ಟಿ ಬೂಟು ಬೇಕು. ಕಲ್ಲುಸಂದಿಯಲ್ಲಿ ಗಿಲಕಿ ಹಾವು ಇರುತ್ತವೆ, ಸುಮ್ನೆ ಕೈ ಹಾಕಬೇಡಿ. ಹಳೇ ಸುರಂಗದ ಬಾಯಿ ಕಂಡರೆ ದೂರದಿಂದಲೇ ನೋಡಿ. ಒಳಗೆ ಮರದ ಆಸರೆ ಕೊಳೆತಿರುತ್ತದೆ, ಉಸಿರಾಡಲು ಗಾಳಿ ಇಲ್ಲದಿರಬಹುದು. ಗಾಜಿನ ಚೂರು, ಮೊಳೆ, ಡಬ್ಬಿ ಏನೇ ಕಂಡರೂ ಅಲ್ಲೇ ಬಿಡಿ.

ಸಮಯ ಉಳಿದರೆ ಡೇಲೈಟ್ ಪಾಸ್ ಎಂಬ ಬೆಟ್ಟದ ಸಂದಿನ ದಾರಿ ದಾಟಿ ಡೆತ್ ವ್ಯಾಲಿ ಕಡೆಯ ಕೀನ್ ವಂಡರ್ ಗಣಿಗೂ ಹೋಗಿ. ಬೆಟ್ಟದಿಂದ ಅದಿರು ಇಳಿಸುತ್ತಿದ್ದ ರೋಪ್‌ವೇಯ ಮರದ ಗೋಪುರಗಳು ಇನ್ನೂ ನಿಂತಿವೆ. ಅಲ್ಲಿಗೆ ಕಚ್ಚಾ ರಸ್ತೆ. ಮಳೆ ಬಂದರೆ ಈ ಭಾಗದ ರಸ್ತೆಗಳು ಕೊಚ್ಚಿಹೋಗುತ್ತವೆ. ಹೊರಡುವ ಮುಂಚೆ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಜಾಲತಾಣದಲ್ಲಿ ರಸ್ತೆ ತೆರೆದಿದೆಯಾ ಅಂತ ನೋಡಿಕೊಂಡೇ ಹೊರಡಿ.