ಶನಿವಾರ ವಾಪಸ್ ಬಂದ ಪುಸ್ತಕ

ಕಳೆದ ನವೆಂಬರ್‌ನಲ್ಲಿ ನಮ್ಮ ಹೆಡ್‌ಮಾಸ್ಟರ್ ತೀರಿಕೊಂಡರು ಅಂತ ಹಳೇ ಗೆಳೆಯನೊಬ್ಬ ಫೋನ್ ಮಾಡಿ ಹೇಳಿದ. ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕಪಾಟಿನಿಂದ ಹ್ಯಾರಿ ಪಾಟರ್ ಸರಣಿಯ ಆರನೇ ಪುಸ್ತಕ ತೆಗೆದೆ. ಸೀದಾ 27ನೇ ಅಧ್ಯಾಯಕ್ಕೆ ಹೋದೆ. ಮಂತ್ರವಿದ್ಯೆ ಕಲಿಸುವ ಹಾಗ್ವಾರ್ಟ್ಸ್ ಶಾಲೆಯ ಹೆಡ್‌ಮಾಸ್ಟರ್ ಆಲ್ಬಸ್ ಡಂಬಲ್‌ಡೋರ್ ಗೋಪುರದ ಮೇಲಿನಿಂದ ಬೀಳುವುದು ಅಲ್ಲೇ. ಇಪ್ಪತ್ತು ವರ್ಷದ ಹಿಂದೆ ಆ ಪುಟಗಳನ್ನು ನನಗಿಂತ ಮೊದಲು ಓದಿದವರು ನಮ್ಮ ಸರ್.

ಅವರು ನಮಗೆ ಸಮಾಜ ಪಾಠ ಮಾಡುತ್ತಿದ್ದರು. ಏನು ಪಾಠ ಮಾಡಿದರು ಅಂತ ಕೇಳಿದರೆ ಒಂದು ಸಾಲೂ ನೆನಪಿಲ್ಲ. ನೆನಪಿರುವುದು ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿಂದ ನಮ್ಮನ್ನು ನೋಡುತ್ತಿದ್ದ ರೀತಿ. ಇನ್ನೊಂದು, ವರಾಂಡದಲ್ಲಿ ನಡೆಯುವಾಗ ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿದ್ದುದು. ಡಂಬಲ್‌ಡೋರ್ ಅನ್ನುವುದು ಹಳೇ ಇಂಗ್ಲಿಷಿನಲ್ಲಿ ದುಂಬಿಗೆ ಇದ್ದ ಹೆಸರಂತೆ. ಆ ಮುದುಕ ತನ್ನಷ್ಟಕ್ಕೆ ಗುನುಗಿಕೊಂಡು ಓಡಾಡುವುದನ್ನು ಕಲ್ಪಿಸಿಕೊಂಡು ಲೇಖಕಿ ಆ ಹೆಸರಿಟ್ಟರಂತೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆದರೆ ನಾವು ನಾಲ್ಕು ಜನ ಸರ್‌ಗೆ ಆ ಹೆಸರು ಆಗಲೇ ಇಟ್ಟಾಗಿತ್ತು. ಗಡ್ಡ ಇರಲಿಲ್ಲ, ಅಷ್ಟೇ.

2005ರಲ್ಲಿ ನಾನು ಒಂಬತ್ತನೇ ಕ್ಲಾಸು. ಆ ಜುಲೈ 16ಕ್ಕೆ ಆರನೇ ಪುಸ್ತಕ ಬಂತು. ಮಾವ ತಂದುಕೊಟ್ಟರು. 607 ಪುಟ. ಗಣಿತದ ಪೀರಿಯಡ್‌ನಲ್ಲಿ ಡೆಸ್ಕ್ ಕೆಳಗೆ ಇಟ್ಟುಕೊಂಡು ಓದುತ್ತಿದ್ದಾಗ ಸಿಕ್ಕಿಬಿದ್ದೆ. ಪುಸ್ತಕ ಹೆಡ್‌ಮಾಸ್ಟರ್ ರೂಮಿನ ಬೀರು ಸೇರಿತು. ಒಂದು ವಾರ ಕಾದೆ. ಆಮೇಲೆ ತಡೆಯಲಾಗಲಿಲ್ಲ.

ಮಧ್ಯಾಹ್ನ ಊಟದ ಬೆಲ್ ಹೊಡೆದ ಮೇಲೆ ಒಳಗೆ ನುಗ್ಗುವುದು ಅಂತ ತೀರ್ಮಾನವಾಯಿತು. ಸರ್ ಬಂದರೆ ಗುನುಗು ಕೇಳಿಸುತ್ತದಲ್ಲ, ಓಡಬಹುದು. ನಮ್ಮ ನಾಲ್ವರಲ್ಲಿ ಒಬ್ಬ ಮಾತ್ರ ಬೇಡ ಅಂದ. ಬಾಗಿಲಿಗೆ ಅಡ್ಡ ನಿಂತು, "ತಪ್ಪು ಕಣ್ರೋ" ಅಂದ. ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದೆವು.

ಬೀರುವಿಗೆ ಬೀಗ ಇರಲಿಲ್ಲ. ಒಳಗೆ ಬುಗುರಿ, ಗೋಲಿ ತುಂಬಿದ ಡಬ್ಬಿ, ಎರಡು ಕವಣೆ, ಇಸ್ಪೀಟು, ಒಂದು ಪುಟ್ಟ ಕನ್ನಡಿ. ಒಂದೊಂದಕ್ಕೂ ದಾರ ಕಟ್ಟಿ ಚೀಟಿ ತೂಗುಹಾಕಿತ್ತು. ಚೀಟಿಯಲ್ಲಿ ಹುಡುಗನ ಹೆಸರು, ತಾರೀಖು, ಕೆಳಗೆ ಸರ್ ಕೈಬರಹದಲ್ಲಿ "ವಾಪಸ್ ಕೊಡಬೇಕು". ನನ್ನ ಪುಸ್ತಕ ಮಾತ್ರ ಇರಲಿಲ್ಲ. ತಿರುಗಿ ನೋಡಿದರೆ, ಬಾಗಿಲ ಹಿಂದಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಸರ್ ಕೂತಿದ್ದಾರೆ. ತೊಡೆಯ ಮೇಲೆ ನನ್ನ ಪುಸ್ತಕ.

"ಒಂದ್ನಿಮಿಷ ಇರಪ್ಪ, ಈ ಪ್ಯಾರಾ ಮುಗಿಸ್ತೀನಿ" ಅಂದರು.

ನಿಂತೆವು. ಕಾಲು ನಡುಗುತ್ತಿತ್ತು. ಪ್ಯಾರಾ ಮುಗಿಸಿ, ಬೆರಳು ಪುಟದ ನಡುವೆ ಇಟ್ಟು, "ಎಲ್ಲಿವರೆಗೆ ಓದಿದ್ದೆ?" ಅಂತ ಕೇಳಿದರು. 20ನೇ ಅಧ್ಯಾಯ ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಶನಿವಾರ ಬಾ" ಅಂದರು. ಅಷ್ಟೇ.

ಶನಿವಾರ ಕ್ಲಾಸು ಬಿಟ್ಟ ಮೇಲೆ ಕೊಟ್ಟರು. "ಇವತ್ತೇ ಶುರು ಮಾಡು. ನಾಳೆ ರಜ ಅಲ್ವಾ" ಅಂದರು. ಯಾಕೆ ಹಾಗಂದರು ಅಂತ ಭಾನುವಾರ ಸಂಜೆ ಅರ್ಥವಾಯಿತು. ಡಂಬಲ್‌ಡೋರ್ ಸಾಯುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಅದನ್ನು ಓದಿದ ಹುಡುಗ ಮಾರನೇ ದಿನ ಗಣಿತದ ಕ್ಲಾಸಿನಲ್ಲಿ ಕೂರಬಾರದು ಅಂತ ಲೆಕ್ಕ ಹಾಕಿ ದಿನ ಗೊತ್ತು ಮಾಡಿದ್ದರು. ನಾನು ಅತ್ತೆ. ಚೆನ್ನಾಗಿಯೇ ಅತ್ತೆ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಪಕ್ಕಕ್ಕೆ ಬಂದು "ಮುಗೀತಾ?" ಅಂದರು. "ಮುಗೀತು ಸರ್." "ನಂಗೂ ಅವತ್ತು ನಿದ್ದೆ ಬರ್ಲಿಲ್ಲ ಕಣೋ."

ಶಿಕ್ಷೆ ಇರಲಿಲ್ಲ ಅಂತಲ್ಲ. ಒಂದು ತಿಂಗಳು ಲೈಬ್ರರಿ ಪುಸ್ತಕಗಳ ಧೂಳು ಹೊಡೆದೆವು. ಲೈಬ್ರರಿ ಬೀಗದ ಕೈ ಮಾತ್ರ ಬಾಗಿಲಿಗೆ ಅಡ್ಡ ನಿಂತಿದ್ದ ಹುಡುಗನ ಕೈಗೆ ಹೋಯಿತು. ಮೊದಲನೇ ಪುಸ್ತಕದ ಕೊನೆಯಲ್ಲಿ, ಗೆಳೆಯರಿಗೇ ಎದುರು ನಿಂತ ನೆವಿಲ್‌ಗೆ ಡಂಬಲ್‌ಡೋರ್ 10 ಅಂಕ ಕೊಡುತ್ತಾರಲ್ಲ, ಹಾಗೆ. ಸರ್ ಅಷ್ಟರಲ್ಲಿ ಅದನ್ನೂ ಓದಿದ್ದರೋ ಏನೋ, ಕೇಳಲೇ ಇಲ್ಲ.

2007ರ ಜುಲೈನಲ್ಲಿ ಏಳನೆಯದು, ಕೊನೆಯದು ಬಂತು. ನಾನಾಗ ಕಾಲೇಜಿನಲ್ಲಿದ್ದೆ. ನಾನು ಓದಿ ಮುಗಿಸಿದ ಮೇಲೆ ಸರ್‌ಗೆ ಕೊಟ್ಟೆ. ಆ ಪುಸ್ತಕ ಓದಿದ ಮೇಲೆ ನನ್ನ ಎಷ್ಟೋ ಗೆಳೆಯರಿಗೆ ಡಂಬಲ್‌ಡೋರ್ ಮೇಲೆ ಸಿಟ್ಟು ಬಂದಿತ್ತು. ಹ್ಯಾರಿ ಸಾಯಬೇಕಾಗುತ್ತದೆ ಅಂತ ಗೊತ್ತಿದ್ದೂ ಅವನಿಂದ ಮುಚ್ಚಿಟ್ಟರು ಅಂತ. ಹರೆಯದಲ್ಲಿ, ಮುಂದೆ ದುಷ್ಟ ಮಾಂತ್ರಿಕನಾದ ಗ್ರಿಂಡೆಲ್‌ವಾಲ್ಡ್ ಜೊತೆ ಸೇರಿ ಅಧಿಕಾರದ ಕನಸು ಕಂಡಿದ್ದರು, ತಮ್ಮ ಅಬರ್‌ಫೋರ್ತ್ ಜೊತೆ ಜಗಳ ನಡೆದು, ಆ ಗಲಾಟೆಯಲ್ಲಿ ತಂಗಿ ಅರಿಯಾನಾ ಸತ್ತಳು. ಯಾರ ಮಂತ್ರ ತಗುಲಿತು ಅಂತ ಕೊನೆವರೆಗೂ ತಿಳಿಯಲಿಲ್ಲ. ಮಾಂತ್ರಿಕರ ಸರ್ಕಾರದ ಮಂತ್ರಿ ಪದವಿ ಎಷ್ಟೋ ಸಲ ಮನೆ ಬಾಗಿಲಿಗೆ ಬಂದರೂ ಒಲ್ಲೆ ಅಂದರು. ಅಧಿಕಾರ ಸಿಕ್ಕರೆ ತಾನು ಏನಾಗುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಸತ್ತ ಮೇಲೆ, ಹದಿನೇಳರ ಹುಡುಗನ ಮುಂದೆ ಕಣ್ಣೀರು ಹಾಕಿ ಕ್ಷಮಿಸು ಅಂತಾರೆ. ನನಗಂತೂ ಆ ಡಂಬಲ್‌ಡೋರೇ ಜಾಸ್ತಿ ಇಷ್ಟ.

ಸರ್ ಅಂದು ಬೇರೆ ಏನೋ ಹಿಡಿದುಕೊಂಡಿದ್ದರು. "ಆ ಕನ್ನಡೀಲಿ ಉಣ್ಣೆ ಕಾಲುಚೀಲ ಕಾಣ್ಸುತ್ತೆ ಅಂದಿದ್ನಲ್ಲ ಮುದುಕ, ಅದು ಸುಳ್ಳು ಕಣೋ. ತಂಗಿ ಕಾಣ್ಸಿರ್ತಾಳೆ" ಅಂದರು. ಮನಸ್ಸಿನ ಆಳದ ಆಸೆಯನ್ನು ತೋರಿಸುವ ಕನ್ನಡಿ ಅದು. ಆಮೇಲೆ ಸುಮ್ಮನಾದರು. ಬಹಳ ಹೊತ್ತಾದ ಮೇಲೆ ಹೇಳಿದರು. ನಾವು ಆ ಶಾಲೆಗೆ ಬರುವ ಎಷ್ಟೋ ವರ್ಷ ಮೊದಲು, ಫೀಸಿನ ದುಡ್ಡು ಕದ್ದ ಅಂತ ಒಬ್ಬ ಹುಡುಗನಿಗೆ ಎಲ್ಲರ ಎದುರು ಹೊಡೆದಿದ್ದರಂತೆ. ಮೂರು ದಿನ ಬಿಟ್ಟು ಆ ಕವರು ಹಾಜರಿ ಪುಸ್ತಕದೊಳಗೇ ಸಿಕ್ಕಿತು. ಅಷ್ಟರಲ್ಲಿ ಹುಡುಗ ಶಾಲೆ ಬಿಟ್ಟಾಗಿತ್ತು. ಎರಡು ಸಲ ಅವನ ಮನೆಗೆ ಹೋದರಂತೆ. ಎರಡನೇ ಸಲ ಹೋದಾಗ ಬೇರೆ ಯಾರೋ ಬಾಡಿಗೆಗೆ ಬಂದಿದ್ದರು. ಬೀರುವಿನ ಚೀಟಿಗಳು ಶುರುವಾಗಿದ್ದು ಆಮೇಲೆ.

ಈಗ ನಾನೂ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹದಿನಾಲ್ಕು ವರ್ಷವಾಯಿತು. ನನ್ನ ಕೈಲಿ ಕಲಿತ ಮಕ್ಕಳು ಇವತ್ತಿಗೂ ಹುಡುಕಿಕೊಂಡು ಬರುತ್ತಾರೆ ಅನ್ನುವುದು ನನಗೆ ಹೆಮ್ಮೆ. ಆ ಹೆಮ್ಮೆಯಲ್ಲಿ ಅರ್ಧ ಸರ್‌ಗೆ ಸೇರಬೇಕು. ನನ್ನ ಮಗಳ ಶಾಲೆಯಲ್ಲಿ ಲೈಬ್ರರಿ ಪೀರಿಯಡ್ಡೇ ಇಲ್ಲ. ಮಗು ಏನಾದರೂ ತಪ್ಪು ಮಾಡಿದರೆ ಅರ್ಧ ಗಂಟೆಯಲ್ಲಿ ನನ್ನ ಮೊಬೈಲಿಗೆ ಮೆಸೇಜು ಬರುತ್ತದೆ. "ಎಲ್ಲಿವರೆಗೆ ಓದಿದ್ದೆ?" ಅಂತ ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಬೇಜಾರಾಗುತ್ತದೆ.

ಈ ಸಂಚಿಕೆ ಹಳೇ ವಿದ್ಯಾರ್ಥಿಗಳಿಗೆಲ್ಲ ಹೋಗುತ್ತದೆ ಅಂತ ಕೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ. ಫೀಸಿನ ಕವರಿನ ವಿಷಯಕ್ಕೆ ಶಾಲೆ ಬಿಟ್ಟುಹೋದ ಅಣ್ಣ ಇದನ್ನು ಓದುತ್ತಿದ್ದರೆ, ಇಲ್ಲ ಅವರನ್ನು ಬಲ್ಲವರು ಯಾರಾದರೂ ಓದುತ್ತಿದ್ದರೆ, ದಯವಿಟ್ಟು ತಿಳಿಸಿ. ಸರ್ ನಿಮ್ಮ ಮನೆಗೆ ಬಂದಿದ್ದರು. ಎರಡು ಸಲ ಬಂದಿದ್ದರು.