‘ನಿಮಗೆ ಟೈಮ್ ಎಲ್ಲಿ ಸಿಗುತ್ತೆ ಮೇಡಂ?’

ಬ್ಯಾಂಕಿನ ಕೌಂಟರಿನಲ್ಲಿ ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಹೋದ ವಾರ ಸೊಪ್ಪು ಮಾರುವಾಕೆಯೂ ಕೇಳಿದಳು. ಕೆಲಸ ಇದೆ, ಒಂಬತ್ತನೇ ಕ್ಲಾಸಿನ ಮಗ ಇದ್ದಾನೆ, ವಯಸ್ಸಾದ ಅತ್ತೆ ಇದ್ದಾರೆ, ಸಾಲದು ಅಂತ ಒಂದು ನಾಯಿ. ಇಷ್ಟರ ಮೇಲೆ ದಿನಾ ಬೆಳಿಗ್ಗೆ ವಾಕಿಂಗ್, ತಿಂಗಳಿಗೊಂದು ಸಲ ಚಾಮುಂಡಿ ಬೆಟ್ಟ, ಇನ್ನೊಂದು ಸಲ ಎಲ್ಲೋ ಪೇಂಟಿಂಗ್ ನೋಡೋಕೆ ಹೋಗಿರ್ತೀರಿ. ‘ನಿಮಗೆ ಟೈಮ್ ಎಲ್ಲಿ ಸಿಗುತ್ತೆ ಮೇಡಂ?’

ಇದೇ ಮನೆಯಲ್ಲಿ, ಇದೇ ನಾಯಿಯ ಜೊತೆ, ಇದೇ ಹುಡುಗನ ಅಪ್ಪನಾಗಿ ಬದುಕುತ್ತಿರುವ ನಮ್ಮನೆಯವರನ್ನು ಈ ಪ್ರಶ್ನೆ ಯಾರೂ ಕೇಳಿಲ್ಲ. ಇಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ.

ಮೊದಲೆಲ್ಲ ‘ಮಾಡ್ಕೋಬೇಕು ಕಣ್ರೀ’ ಅಂದು ಸ್ವಲ್ಪ ಬೀಗುತ್ತಿದ್ದೆ. ಆ ಉತ್ತರ ಸುಳ್ಳು. ಕೂತು ಲೆಕ್ಕ ಹಾಕಿದರೆ ನನ್ನ ಟೈಮಿನಲ್ಲಿ ಮುಕ್ಕಾಲು ಪಾಲು ಬೇರೆಯವರ ಖಾತೆಯಿಂದ ನನ್ನ ಖಾತೆಗೆ ಜಮಾ ಆದದ್ದು. ಬ್ಯಾಂಕಿನವಳಾಗಿ, ದುಡ್ಡು ಎಲ್ಲಿಂದ ಬಂತು ಅಂತ ತೋರಿಸದೆ ಬ್ಯಾಲೆನ್ಸ್ ಮಾತ್ರ ತೋರಿಸಿಕೊಂಡು ಓಡಾಡೋದು ನನಗೇ ಸರಿಕಾಣಲಿಲ್ಲ.

ಮೊದಲ ಖಾತೆ ಬೋಂಡನದು. 2019ರ ಆಷಾಢದ ಮಳೆಯಲ್ಲಿ, ಕುವೆಂಪುನಗರದ ನಮ್ಮ ರಸ್ತೆಯ ತಿರುವಿನಲ್ಲಿ ನಿಲ್ಲುವ ಬೋಂಡದ ಗಾಡಿಯ ಕೆಳಗೆ ಮುದುರಿ ಕೂತಿದ್ದ ಮರಿ. ಬಣ್ಣವೂ ಸ್ವಲ್ಪ ಹೆಚ್ಚು ಕರಿದ ಬೋಂಡದ್ದೇ. ‘ಯಾವ ಜಾತಿ?’ ಅಂತ ಕೇಳಿದವರಿಗೆಲ್ಲ ಅತ್ತೆ ‘ಮೈಸೂರಿನದು’ ಅನ್ನುತ್ತಾರೆ. ಬೆಳಿಗ್ಗೆ 5.20ಕ್ಕೆ ಅವನು ಬಾಗಿಲ ಬಳಿ ಹೋಗಿ ನಿಲ್ಲುತ್ತಾನೆ. ಬೊಗಳುವುದಿಲ್ಲ, ಕುಂಯ್‌ಗುಡುವುದಿಲ್ಲ. ಸುಮ್ಮನೆ ನಿಂತು ನನ್ನ ಕಡೆ ನೋಡುತ್ತಾನೆ. ಮಾರ್ಚ್ ಎಂಡ್ ಅಂದರೂ ಕೇಳುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಮಲಗಿದೆ ಅಂದರೂ ಕೇಳುವುದಿಲ್ಲ. ನನ್ನ ಜೀವನದಲ್ಲಿ ಸಬೂಬಿಗೆ ಒಂದಿಷ್ಟೂ ಬೆಲೆ ಕೊಡದ ವ್ಯಕ್ತಿ ಇವನೊಬ್ಬನೇ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ನಾಯಿ ಇದ್ದರೆ ವಾಕಿಂಗ್ ತಾನಾಗಿ ಆಗುತ್ತೆ ಅಂತ ಜನ ಅಂದುಕೊಳ್ಳುತ್ತಾರೆ. ಆಗೋದಿಲ್ಲ. ಬೋಂಡ ಸಿಟಿ ಬಸ್ಸಿಗಿಂತ ಕಡೆ, ಕಂಬಕ್ಕೊಂದು ಸ್ಟಾಪು. ನಿನ್ನೆ ಯಾವ ನಾಯಿ ಬಂದಿತ್ತು, ಮೊನ್ನೆ ಯಾವುದು ಬಂದಿತ್ತು ಅಂತ ಮೂಸಿ ಓದಿ ಮುಗಿಸುವ ತನಕ ಅವನು ಕದಲುವುದಿಲ್ಲ. ಎಳೆಯಲೂಬಾರದು. ದಿನವಿಡೀ ಗೇಟಿನೊಳಗಿರುವ ನಾಯಿಗೆ ಅದೊಂದೇ ಪೇಪರು. ಇಪ್ಪತ್ತು ನಿಮಿಷದಲ್ಲಿ ನಾವು ಮುಟ್ಟುವುದು ಮೂರನೇ ಕ್ರಾಸು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು ಅನ್ನುತ್ತದೆ. ಕಂಬದ ಬುಡದಲ್ಲಿ ಚೈನು ಹಿಡಿದು ಆಕಳಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಅದು ಅವನ ವಾಕಿಂಗ್.

ನನಗೆ ಅವನು ಕೊಟ್ಟಿದ್ದು ಬೇರೆ. ಹಾಸಿಗೆಯಿಂದ ಗೇಟಿನವರೆಗಿನ ಹದಿನೈದು ಹೆಜ್ಜೆ ಇದೆಯಲ್ಲ, ಅದನ್ನು ದಾಟಿಸುತ್ತಾನೆ. ಅಷ್ಟು ಹೊತ್ತಿಗೆ ಕಾಲಿಗೆ ಶೂ ಬಂದಿರುತ್ತೆ, ನಿದ್ದೆ ಹಾರಿರುತ್ತೆ, ಕಾಗೆ ಕೂಗಿರುತ್ತೆ. ಅವನನ್ನು ಮನೆಯೊಳಗೆ ಬಿಟ್ಟು ಮತ್ತೆ ಹೊರಟರೆ ಅರ್ಧ ಗಂಟೆ ಬಿರಬಿರನೆ ನಡೆದು ಬರಬಹುದು. ಭಾನುವಾರ ಮಾತ್ರ ಕುಕ್ಕರಹಳ್ಳಿ ಕೆರೆ, ಬೋಂಡನಿಲ್ಲದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಏರಿ ಮೇಲೆ ನಡೆಯುವಾಗ ನೀರಿನ ಮಧ್ಯದ ಮರಗಳಲ್ಲಿ ಹೆಜ್ಜಾರ್ಲೆ ಹಕ್ಕಿಗಳು ಕೂತಿರುತ್ತವೆ. ಅವುಗಳ ಮುಂದೆ ನಾಯಿ ಹಿಡಿದುಕೊಂಡು ಹೋಗಲು ನನಗೆ ಮನಸ್ಸಿಲ್ಲ.

ನಮ್ಮನೆಯವರು ಕೈಗೆ ವಾಚು ಕಟ್ಟಿಕೊಂಡು ಹತ್ತು ಸಾವಿರ ಹೆಜ್ಜೆ ಎಣಿಸುತ್ತಾರೆ. ಆ ಹತ್ತು ಸಾವಿರ 1965ರ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹುಟ್ಟಿದ್ದು, ಯಾವ ಡಾಕ್ಟರೂ ಬರೆದುಕೊಟ್ಟ ಚೀಟಿಯಲ್ಲ ಅಂತ ನಾನು ಹೇಳಿದ್ದೇನೆ. ಆದರೂ ರಾತ್ರಿ ಹತ್ತಕ್ಕೆ 9,400 ಆಗಿದ್ದರೆ ಹಾಲಿನಲ್ಲೇ ಸುತ್ತು ಹಾಕುತ್ತಾರೆ. ಬೋಂಡ ಎದ್ದು ಹಿಂದೆ ಹಿಂದೆ ತಿರುಗುತ್ತಾನೆ, ಎಲ್ಲಿಗೋ ಹೊರಟಿದ್ದಾರೆ ಅಂತ. ಅವರ ಜಿಮ್ಮಿನ ವಿಷಯ ಎತ್ತುವುದಿಲ್ಲ. ವರ್ಷದ ಹಣ ಜನವರಿಯಲ್ಲೇ ಕಟ್ಟಿರುತ್ತಾರೆ, ಶಿವರಾತ್ರಿ ಹೊತ್ತಿಗೆ ಚಳಿ ‘ಶಿವ ಶಿವ’ ಅಂತ ಹೋಗುತ್ತದಲ್ಲ, ಅದರ ಜೊತೆಗೇ ಜಿಮ್ಮೂ ಹೋಗುತ್ತದೆ. ನನಗೆ ಮಂಡಿ ನೋವು ಬಂದಾಗ ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದು ಬಸ್ಕಿ. ಗರಡಿಮನೆಗಳ ಊರಿನವಳು, ನಲವತ್ತೈದಕ್ಕೆ ಕಲಿತೆ. ಕುಕ್ಕರ್ ಮೂರು ವಿಷಲ್ ಕೂಗುವಷ್ಟರಲ್ಲಿ ಇಪ್ಪತ್ತೈದು. ಬೇಳೆ ಬೇಯದ ದಿನ ಮೂವತ್ತು.

ಎರಡನೇ ಖಾತೆ ದೊಡ್ಡದು, ಅತ್ತೆಯದು.

ಅತ್ತೆ ಆರೇಳು ವರ್ಷದಲ್ಲಿ ಬೋಂಡನನ್ನು ಒಂದು ಸಲವೂ ಮುಟ್ಟಿಲ್ಲ. ಅಡುಗೆಮನೆ, ದೇವರಮನೆಯ ಹೊಸ್ತಿಲು ಅವನು ದಾಟುವಂತಿಲ್ಲ, ದಾಟುವುದೂ ಇಲ್ಲ. ‘ಅವನಿಗೆ ಗೊತ್ತಮ್ಮ, ನಿನ್ನ ಮಗನಿಗೇ ಗೊತ್ತಿಲ್ಲ’ ಅನ್ನುತ್ತಾರೆ. ಆದರೆ ನಾನು ಬೆಳಿಗ್ಗೆ ಒಂಬತ್ತೂವರೆಗೆ ಹೊರಟು ಸಂಜೆ ಆರಕ್ಕೆ ಬರುವ ತನಕ ಅವನ ನೀರು, ಅನ್ನ, ಬಿಸಿಲು, ನೆರಳು ಎಲ್ಲವೂ ಅವರ ಸುಪರ್ದಿ. ಮೂರು ವರ್ಷದ ಹಿಂದೆ ಅವನಿಗೆ ಟಿಕ್ ಫೀವರ್, ಅಂದರೆ ಉಣ್ಣೆ ಹುಳ ಕಚ್ಚಿ ಬರುವ ಜ್ವರ, ಬಂತು. ಕಿವಿಯ ಸಂದಿಯಲ್ಲಿದ್ದ ಒಂದು ಹುಳವನ್ನು ನಾನು ನೋಡದೆ ಬಿಟ್ಟಿದ್ದೆ. ಮೊದಲ ದಿನ ಮೊಸರನ್ನ ಮೂಸಿ ಬಿಟ್ಟ. ನಾನು ಸೆಖೆಗೆ ಅಂದುಕೊಂಡೆ. ಎರಡನೇ ದಿನ 5.20ಕ್ಕೆ ಬಾಗಿಲ ಬಳಿ ಯಾರೂ ಇರಲಿಲ್ಲ. ನಾಯಿಯ ಮೈ ಬಿಸಿ ಸಾಮಾನ್ಯವಾಗಿಯೇ 101, 102 ಡಿಗ್ರಿ ಇರುತ್ತದೆ, ಮುಟ್ಟಿದರೆ ಜ್ವರ ಗೊತ್ತಾಗುವುದಿಲ್ಲ. ಡಾಕ್ಟರ್ ನೋಡಿದಾಗ 104 ದಾಟಿತ್ತು, ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ, ಎರಡು ಹೊತ್ತು, ತಪ್ಪಿಸುವ ಹಾಗಿಲ್ಲ, ಬರಿ ಹೊಟ್ಟೆಗೆ ಕೊಡುವ ಹಾಗೂ ಇಲ್ಲ.

ಆಗ ಬ್ಯಾಂಕಿನಲ್ಲಿ ಆಡಿಟ್. ರಜೆ ಕೇಳುವ ಬಾಯಿ ನನಗಿರಲಿಲ್ಲ. 28 ದಿನವೂ ಬೆಳಗಿನ ಮಾತ್ರೆ ಕೊಟ್ಟವರು ಅತ್ತೆ. ಇಡ್ಲಿಯ ಹೊಟ್ಟೆಯಲ್ಲಿ ಮಾತ್ರೆ ಅಡಗಿಸಿ, ಎರಡು ಮಾರು ದೂರ ನಿಂತು, ‘ತಗೋ’ ಅಂತ ಎಸೆಯುತ್ತಿದ್ದರಂತೆ. ಇಡ್ಲಿ ತಿಂದು ಮಾತ್ರೆ ಮಾತ್ರ ಉಗುಳಿದರೆ ಇನ್ನೊಂದು ಇಡ್ಲಿ. ಕ್ಯಾಲೆಂಡರಿನಲ್ಲಿ, ಏಕಾದಶಿ ಗುರುತಿನ ಪಕ್ಕದಲ್ಲಿ, ಬೋಂಡನ ಮಾತ್ರೆಗೆ ಪೆನ್ಸಿಲಿನ ಗೀಟು. ಆ ತಿಂಗಳು ಯಾರೋ ಕೌಂಟರಿನಲ್ಲಿ ಅದೇ ಪ್ರಶ್ನೆ ಕೇಳಿದ್ದರು, ನಾನು ಅದೇ ‘ಮಾಡ್ಕೋಬೇಕು’ ಅಂದಿದ್ದೆ. ಸಂಜೆ ಮನೆಗೆ ಬಂದು ಕ್ಯಾಲೆಂಡರ್ ನೋಡಿದಾಗ ನಾಚಿಕೆಯಾಯಿತು.

ದೀಪಾವಳಿಯ ಮೂರು ದಿನ ನಾವು ಎಲ್ಲಿಗೂ ಹೋಗುವುದಿಲ್ಲ. ಪಟಾಕಿ ಶುರುವಾದರೆ ಬೋಂಡ ಹೋಗಿ ಸೇರುವುದು ಅತ್ತೆಯ ಮಂಚದ ಕೆಳಗೆ. ಅತ್ತೆ ಕಾಲು ಮೇಲಕ್ಕೆಳೆದುಕೊಂಡು ಕೂತು ಟಿವಿಯ ದನಿ ಜೋರು ಮಾಡುತ್ತಾರೆ. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ.

(ಬೆಕ್ಕೂ ಒಂದಿದೆ. ಅದಕ್ಕೆ ಟೈಮ್ ಎಲ್ಲಿಂದ ಅಂತ ಯಾರೂ ಕೇಳಬೇಕಾಗಿಲ್ಲ. ಅದೇ ನಮಗೆ ಟೈಮ್ ಕೊಡುತ್ತದೆ, ಅದಕ್ಕೆ ಬೇಕೆನಿಸಿದಾಗ.)

ಮೂರನೇ ಖಾತೆ ಮನೆಕೆಲಸಕ್ಕೆ ಬರುವಾಕೆಯದು. ನಾಯಿ ಬಂದ ತಿಂಗಳೇ ಆಕೆ ಪೊರಕೆ ಕೆಳಗಿಟ್ಟು ಕೇಳಿದಳು: ‘ಅಕ್ಕಾ, ಈ ಕೂದಲು ಯಾರ ಲೆಕ್ಕ?’ ನ್ಯಾಯವಾದ ಪ್ರಶ್ನೆ. ಅಂದಿನಿಂದ ಕೂದಲಿಗೆ ಬೇರೆ ದುಡ್ಡು. ನಾಯಿ ಸಾಕುವುದಕ್ಕೆ ಎಷ್ಟು ಖರ್ಚು ಅಂತ ಕೇಳುವವರು ಆಹಾರ, ಇಂಜೆಕ್ಷನ್ನು ಅಂತ ಮಾತ್ರ ಲೆಕ್ಕ ಹಾಕುತ್ತಾರೆ, ಇದನ್ನು ಬಿಟ್ಟುಬಿಡುತ್ತಾರೆ.

ಇನ್ನು ಶನಿವಾರಗಳು. ಎರಡನೆಯದು, ನಾಲ್ಕನೆಯದು ಬ್ಯಾಂಕಿಗೆ ರಜೆ, 2015ರ ಸೆಪ್ಟೆಂಬರಿನಿಂದ. ನನ್ನ ಗುಟ್ಟು ಅಂತ ಏನಾದರೂ ಇದ್ದರೆ ಇದೇ, ಇದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಭಾನುವಾರ ಬಟ್ಟೆ, ಹಿಟ್ಟು, ನೆಂಟರಿಗೆ ಹೋಗುತ್ತದೆ. ಎರಡನೇ ಶನಿವಾರ ಬೆಟ್ಟಕ್ಕೆ, ನಾಲ್ಕನೇ ಶನಿವಾರ ಪೇಂಟಿಂಗ್ ನೋಡೋಕೆ ಅಂತ ಬರೆದಿಟ್ಟಿದ್ದೇವೆ. ಬೇರೇನೇ ಬಂದರೂ ‘ಮುಂದಿನ ಶನಿವಾರ’ ಅನ್ನುವುದು.

ಬೆಟ್ಟದ ಪಾದದಿಂದ ಸಾವಿರ ಮೆಟ್ಟಿಲು. ಅರ್ಧಕ್ಕಿಂತ ಹೆಚ್ಚು ಹತ್ತಿದ ಮೇಲೆ ನಂದಿ ಸಿಗುತ್ತಾನೆ, ದೊಡ್ಡದೇವರಾಜ ಒಡೆಯರ ಕಾಲದವನು. ಹದಿನೇಳನೇ ಶತಮಾನದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು. ಚಿತ್ರ, ಮ್ಯೂಸಿಯಂ ಅಂದರೆ ಮುಖ ಸಿಂಡರಿಸುವ ನನ್ನ ಮಗ, ಒಂದು ದಿನ ಉಸಿರು ಕಟ್ಟಿ ಅಲ್ಲಿ ಕೂತವನು, ಏಳಬೇಕಾಗದಿರಲಿ ಅಂತಲೇ ಇರಬೇಕು, ನಂದಿಯ ಕೊರಳ ಗಂಟೆಸರವನ್ನು ನನ್ನ ಸಾಮಾನಿನ ಚೀಟಿಯ ಹಿಂದೆ ಬರೆಯತೊಡಗಿದ. ಗಂಟೆ ಎಣಿಸಿದ, ಅಳಿಸಿದ, ಮತ್ತೆ ಎಣಿಸಿದ. ಅವತ್ತು ನಾವು ಮೇಲಕ್ಕೆ ಹೋಗಲೇ ಇಲ್ಲ. ವ್ಯಾಯಾಮದ ಲೆಕ್ಕದಲ್ಲಿ ನಷ್ಟ. ಈಗ ನಂದಿಯ ಒಂದು ಗೊರಸು, ಅರ್ಧ ಕಿವಿ, ಬಾಲದ ಭಾಗ ಬೇರೆ ಬೇರೆ ಚೀಟಿಗಳಲ್ಲಿ ಮನೆಯಲ್ಲಿವೆ. ಪೂರ್ತಿ ನಂದಿ ಇನ್ನೂ ಆಗಿಲ್ಲ.

ಜಗನ್ಮೋಹನ ಅರಮನೆಗೆ ಹಿಂದೊಮ್ಮೆ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವುದು ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ. ರವಿವರ್ಮನದು ಅಂತ ಬಹಳ ಜನ ತಿಳಿದಿದ್ದಾರೆ, ಅದು ಎಸ್. ಎಲ್. ಹಲ್ದಣಕರ್ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು, ಅದೂ ಜಲವರ್ಣದಲ್ಲಿ. ಜಲವರ್ಣದಲ್ಲಿ ತಪ್ಪಿದರೆ ಮೇಲೆ ಬಳಿದು ಮುಚ್ಚುವುದು ಸುಲಭವಲ್ಲ; ಬೆರಳ ಸಂದಿಯಿಂದ ಕೆಂಪಗೆ ಸೋರುವ ಆ ಬೆಳಕನ್ನು ಮೊದಲೇ ಲೆಕ್ಕ ಹಾಕಿ ಉಳಿಸಿಕೊಂಡಿರಬೇಕು. ನಾನು ಇದನ್ನೆಲ್ಲ ಪಿಸುಗುಡುತ್ತಿದ್ದೆ. ಅತ್ತೆ ಬಹಳ ಹೊತ್ತು ನೋಡಿ, ‘ಪಾಪ, ಎಷ್ಟು ಹೊತ್ತು ನಿಲ್ಲಿಸಿದ್ದರೋ. ಕೈ ಸೋತಿರುತ್ತೆ ಮಗುವಿಗೆ’ ಅಂದರು. ನಾನು ಓದಿಕೊಂಡು ಹೋಗಿದ್ದಕ್ಕಿಂತ ಆ ಮಾತೇ ಈಗ ನೆನಪಿರುವುದು.

ಜನವರಿಯಲ್ಲಿ ಮಾತ್ರ ಶನಿವಾರ ಬಿಟ್ಟು ಒಂದು ಭಾನುವಾರ, ಬೆಂಗಳೂರಿನ ಚಿತ್ರಸಂತೆಗೆ. 2003ರಿಂದ ಚಿತ್ರಕಲಾ ಪರಿಷತ್ತು ನಡೆಸಿಕೊಂಡು ಬಂದಿದೆ. ಕುಮಾರಕೃಪಾ ರಸ್ತೆಯಲ್ಲಿ ಅವತ್ತು ವಾಹನಗಳಿಗೆ ಜಾಗವಿಲ್ಲ, ಎರಡೂ ಬದಿಗೆ ಬರೀ ಚಿತ್ರ. ಬೆಳಗಿನ ರೈಲಿಗೆ ಹೋಗಿ ರಾತ್ರಿಗೆ ವಾಪಸ್ಸು. ನಮ್ಮನೆಯವರು ಯಾವ ಚಿತ್ರದ ಮುಂದೆಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆದರೆ ಬರುವುದನ್ನು ತಪ್ಪಿಸುವುದಿಲ್ಲ: ಮಧ್ಯಾಹ್ನ ಎರಡಕ್ಕೇ ವಾಚು ಹದಿನಾಲ್ಕು ಸಾವಿರ ತೋರಿಸುತ್ತದೆ. ಒಂದು ವರ್ಷ ಮಗನನ್ನು ಕೂರಿಸಿ ಪೆನ್ಸಿಲಿನಲ್ಲಿ ಮುಖ ಬರೆಸಿದೆವು. ಮನೆಗೆ ತಂದು ತೋರಿಸಿದರೆ ಅತ್ತೆ ‘ಇದು ನಿಮ್ಮ ಮಾವನವರು’ ಅಂದುಬಿಟ್ಟರು. ಹುಡುಗ ಆ ಚಿತ್ರವನ್ನು ಬೀರುವಿನ ಹಿಂದೆ ಬಚ್ಚಿಟ್ಟಿದ್ದಾನೆ. ಬೋಂಡನನ್ನು ಇಂಥ ಕಡೆಗೆಲ್ಲ ಕರೆದೊಯ್ಯುವುದಿಲ್ಲ. ನೂಕುನುಗ್ಗಲು ಅವನಿಗೆ ಹಿಂಸೆ, ಮಧ್ಯಾಹ್ನದ ಡಾಂಬರು ಅವನ ಅಂಗಾಲಿಗೆ ಕಾದ ಹೆಂಚು. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸುವ ತನಕ ಇಡಲಾಗದಿದ್ದರೆ ನಾಯಿಯೂ ಅಲ್ಲಿ ನಡೆಯಬಾರದು.

ಖರ್ಚಿನ ಪುಟವನ್ನೂ ತೋರಿಸಬೇಕಲ್ಲ. ನಮ್ಮ ಮನೆಯ ಸೋಫಾದ ಮೇಲೆ ಸದಾ ಮಡಿಸದ ಬಟ್ಟೆ ಇರುತ್ತದೆ. ಆರು ವರ್ಷದಲ್ಲಿ ನಾಲ್ವರೂ ಒಟ್ಟಿಗೆ ಎರಡು ರಾತ್ರಿಗಿಂತ ಹೆಚ್ಚು ಹೊರಗೆ ಉಳಿದಿಲ್ಲ. ಹುಬ್ಬಳ್ಳಿಯಲ್ಲಿ ತಂಗಿಯ ಮೈದುನನ ಮದುವೆಗೆ ನಾನು ಹೋಗದಿದ್ದುದು ನಾಯಿಯ ಮಾತ್ರೆಯ ತಿಂಗಳಲ್ಲಿ. ‘ನಾಯಿಗೋಸ್ಕರ ಬರಲಿಲ್ಲ’ ಅಂತ ಈಗಲೂ ಹೇಳುತ್ತಾರೆ. ಹೌದು, ನಾಯಿಗೋಸ್ಕರವೇ. ಮಗನ ಗಣಿತದ ಮಾರ್ಕು ಕಡಿಮೆ ಬಂದಾಗ ನಂದಿಯ ಗಂಟೆಸರದ ಮೇಲೆ ದೂರು ಬಂತು, ಅದನ್ನು ಪೂರ್ತಿ ತಳ್ಳಿಹಾಕಲು ನನ್ನಿಂದ ಆಗಲಿಲ್ಲ.

ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಹಾಗಾದ್ರೆ ನಾನೂ ಒಂದು ನಾಯಿ ತರಲಾ?’ ಇದಕ್ಕೆ ಮಾತ್ರ ನನ್ನ ಹತ್ತಿರ ಸಿದ್ಧ ಉತ್ತರ ಇದೆ. ಮೊದಲು ಚೈನು ಮಾತ್ರ ಕೊಳ್ಳಿ. ಒಂದು ತಿಂಗಳು ಬೆಳಿಗ್ಗೆ ಐದೂವರೆಗೆ ಎದ್ದು, ಬರೀ ಚೈನು ಹಿಡಿದು, ಕಂಬ ಕಂಬಕ್ಕೂ ಎರಡು ನಿಮಿಷ ನಿಂತು ಬನ್ನಿ. ಮಳೆಯಲ್ಲೂ. ಮೂವತ್ತು ದಿನ ಆದಮೇಲೆ ಮರಿ ನೋಡೋಣ.

ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ಇದನ್ನು ನಿಜವಾಗಿಯೂ ಮಾಡಿದರು. ಹನ್ನೊಂದನೇ ದಿನಕ್ಕೆ ಬಿಟ್ಟರು. ನಾಯಿ ತರಲಿಲ್ಲ, ಒಳ್ಳೆಯದಾಯಿತು. ಈಗ ಎರಡನೇ ಶನಿವಾರ ನಮ್ಮ ಜೊತೆ ಬೆಟ್ಟಕ್ಕೆ ಬರುತ್ತಾರೆ. ನಂದಿಯ ತನಕ ಹತ್ತುತ್ತಾರೆ, ಅಲ್ಲಿ ಕೂತು ಕಬ್ಬಿನ ಹಾಲು ಕುಡಿಯುತ್ತಾರೆ, ನನ್ನ ಮಗ ಬರೆಯುವುದನ್ನು ಸ್ವಲ್ಪ ಹೊತ್ತು ನೋಡುತ್ತಾರೆ, ಆಮೇಲೆ ಆಟೋ ಹುಡುಕುತ್ತಾರೆ.